ನಾಲ್ಕು ಮಕ್ಕಳ ಅಪ್ಪ ಮತ್ತು "ಆಗ ಎಲ್ಲರೂ ಒಂದೇ ಥರ ಇದ್ರು" ಅನ್ನೋ ಸುಳ್ಳು

ಇದು ಉದ್ದದ ಪೋಸ್ಟು. ಸ್ವಲ್ಪ ಜಗಳದ ಪೋಸ್ಟು ಕೂಡ. ಓದುವ ಮುಂಚೆ ಒಂದು ಲೋಟ ಕಾಫಿ ಮಾಡಿಕೊಂಡು ಬಂದರೆ ಒಳ್ಳೆಯದು :-)

ಡೆನ್ಮಾರ್ಕಿನ ಬಗ್ಗೆ ನಾನು ಹಿಂದೆ ಬರೆದಿದ್ದ ಪೋಸ್ಟಿಗೆ ಬ್ಲಾಗಿಗ ಮಿತ್ರರೊಬ್ಬರು (ಹೆಸರು ಬೇಡ, ಇದನ್ನೂ ಓದ್ತಾರೆ) ಒಂದು ಪ್ರತಿಕ್ರಿಯೆ ಹಾಕಿದ್ದರು. ಅದರ ಸಾರಾಂಶ ಇಷ್ಟು: ಆ ದೇಶ ಸುಖವಾಗಿರೋದಕ್ಕೆ ಕಾರಣ ಅಲ್ಲಿ ಒಂದೇ ಭಾಷೆ, ಒಂದೇ ಜನ. ಬೆಂಗಳೂರು ಹಾಳಾಗಿರೋದಕ್ಕೆ ಕಾರಣ ಅದು ಇಲ್ಲದಿರೋದು. ಅನುಮಾನ ಇದ್ದರೆ ಡೇನರ ಹಳೇ ಕಪ್ಪು-ಬಿಳುಪು ಸಿನೆಮಾಗಳನ್ನು ನೋಡಿ, ಎಷ್ಟು ನೆಮ್ಮದಿಯ ಸಮಾಜ!

ಇದೇ ಮಾತನ್ನು ನಾನು ಕೋಪನ್‌ಹೇಗನ್ನಿನ ಆಫೀಸಿನ ಕ್ಯಾಂಟೀನಿನಲ್ಲೂ ಕೇಳಿದೀನಿ. ಅಲ್ಲಿ ಹನ್ನೊಂದೂವರೆಗೇ ಊಟ. ಕಪ್ಪು ರೈ ಬ್ರೆಡ್ಡಿನ ಮೇಲೆ ಮೀನಿಟ್ಟುಕೊಂಡು ತಿನ್ನುತ್ತಾ ಒಬ್ಬ ಹಿರಿಯ ಸಹೋದ್ಯೋಗಿ, ಬಹಳ ಒಳ್ಳೆ ಮನುಷ್ಯ, ನಿಟ್ಟುಸಿರು ಬಿಟ್ಟು ಹೇಳ್ತಾನೆ: ನನ್ನ ಬಾಲ್ಯದ ಡೆನ್ಮಾರ್ಕು ಅಂದರೆ 'ಫಾರ್ ಟಿಲ್ ಫೀರೆ' ಸಿನೆಮಾದ ಡೆನ್ಮಾರ್ಕು, ಈಗ ಅದೆಲ್ಲ ಹೋಯ್ತು ಅಂತ. ಹೇಳಿದ ಮೇಲೆ ನನ್ನ ಮುಖ ನೋಡಿ, "ಹಾಗಲ್ಲ, ನಿನ್ನ ಬಗ್ಗೆ ಹೇಳಿದ್ದಲ್ಲ" ಅಂತಾನೆ. ನನ್ನ ಬಗ್ಗೆ ಹೇಳಿದ್ದಲ್ಲ ಅಂತ ನನಗೂ ಗೊತ್ತು. ಮತ್ತೆ ಯಾರ ಬಗ್ಗೆ ಅನ್ನೋದೇ ಪ್ರಶ್ನೆ.

ಬೆಂಗಳೂರಿನ ಮಿತ್ರರೂ ಕೋಪನ್‌ಹೇಗನ್ನಿನ ಮಿತ್ರನೂ ಒಂದೇ ಸಿನೆಮಾಗಳನ್ನು ಸಾಕ್ಷಿ ತರುತ್ತಿರೋದರಿಂದ ಆ ಸಾಕ್ಷಿಯನ್ನೇ ಕಟಕಟೆಗೆ ಕರೆಯೋಣ. ನಾನು ಅವುಗಳನ್ನು ನೋಡಿದ್ದು ಸಿನೆಮಾ ಪ್ರೀತಿಯಿಂದೇನಲ್ಲ, ಭಾಷೆ ಕಲಿಯೋಕೆ. ಡೇನರು ಬಾಯಲ್ಲಿ ಆಲೂಗಡ್ಡೆ ಇಟ್ಟುಕೊಂಡು ಮಾತಾಡ್ತಾರೆ ಅಂತ ಅವರ ನೆರೆಹೊರೆಯವರೇ ಆಡಿಕೊಳ್ಳುತ್ತಾರೆ, ಪದದ ಅರ್ಧ ಗಂಟಲಲ್ಲೇ ಉಳಿದುಬಿಡುತ್ತೆ. ಐವತ್ತರ ದಶಕದ ನಟರು ಹೆಚ್ಚಾಗಿ ರಂಗಭೂಮಿಯಿಂದ ಬಂದವರು. ಬಿಡಿಸಿ ಬಿಡಿಸಿ ಮಾತಾಡ್ತಾರೆ. ಹಾಗಾಗಿ ಎರಡು ಚಳಿಗಾಲ ಪೂರ್ತಿ, ಮಧ್ಯಾಹ್ನ ಮೂರೂವರೆಗೆ ಕತ್ತಲಾಗುವ ಊರಲ್ಲಿ, ರಾಶಿ ರಾಶಿ ನೋಡಿದೆ.

'ಫಾರ್ ಟಿಲ್ ಫೀರೆ' ಅಂದರೆ ನಾಲ್ಕು ಮಕ್ಕಳ ಅಪ್ಪ. ಪತ್ರಿಕೆಯ ಕಾಮಿಕ್ಸ್ ಪಟ್ಟಿಯಾಗಿ ಶುರುವಾಗಿದ್ದು 1953ರಲ್ಲಿ ಸಿನೆಮಾ ಆಯ್ತು. 1961ರ ತನಕ ಎಂಟು ಚಿತ್ರ ಬಂದವು. ಹಿಮದಲ್ಲಿ, ಹಳ್ಳಿಯಲ್ಲಿ, ಪೇಟೆಯಲ್ಲಿ, ಬೋರ್ನ್‌ಹೋಮ್ ದ್ವೀಪದಲ್ಲಿ ಅಂತ ಒಂದೊಂದಕ್ಕೂ ಒಂದೊಂದು ಜಾಗ. ಅಪ್ಪನ ಪಾತ್ರ ಮೊದಲೆರಡರಲ್ಲಿ ಇಬ್ ಶೋನ್‌ಬೆರ್, ಆತ 1955ರಲ್ಲಿ ತೀರಿಕೊಂಡ ಮೇಲೆ ಕಾರ್ಲ್ ಸ್ಟೆಗರ್. ಮಕ್ಕಳು ಸ್ಯೂಸ್, ಊಲೆ, ಮೀ, ಕೊನೆಯವನು ಪುಟ್ಟ ಪೇರ್. ಪೇರ್ ಹತ್ತಿರ ಬೋದಿಲ್ ಅನ್ನೋ ಹೆಸರಿನ ಒಂದು ಆಟದ ಆನೆ. ಊಟದ ಹೊತ್ತಿಗೆ ಸರಿಯಾಗಿ ಹಾಜರಾಗೋ ಆನರ್ಸ್ ಅಂಕಲ್. ಕಥೆ ಅಂದರೆ ದುಡ್ಡಿನ ಸಣ್ಣ ತಾಪತ್ರಯ, ಮಕ್ಕಳ ಕಿತಾಪತಿ, ಒಂದು ತಪ್ಪು ತಿಳುವಳಿಕೆ, ಎರಡು ಹಾಡು, ಕೊನೆಗೆ ಎಲ್ಲರೂ ಮೇಜಿನ ಸುತ್ತ ಕಾಫಿ. ನಿಜ ಹೇಳಬೇಕೆಂದರೆ ನನಗೆ ಇಷ್ಟ ಆಯ್ತು. ಪೇರ್ ಪಾತ್ರದ ಓಲೆ ನ್ಯೂಮನ್ ಅನ್ನೋ ಆ ಹುಡುಗನ ತರಲೆ ಮುಖ ನೋಡಿ ನಗದೇ ಇರೋನು ಕಲ್ಲು. ಹಾಗಾಗಿ ಈ ಪೋಸ್ಟು ಆ ಸಿನೆಮಾಗಳನ್ನು ಬ್ಯಾನ್ ಮಾಡಿ ಅಂತ ಅಲ್ಲ.

ಜನ ಇವನ್ನು ಎಷ್ಟು ನೋಡ್ತಿದ್ರು ಅನ್ನೋದಕ್ಕೆ ಇದೇ ಸ್ಟುಡಿಯೋದ ಇನ್ನೊಂದು ಉದಾಹರಣೆ. 1950ರ 'ಡೆ ರೋಡೆ ಹೆಸ್ಟೆ', ಅಂದರೆ ಕೆಂಪು ಕುದುರೆಗಳು, ಮಾರಿದ ಟಿಕೆಟ್ಟು 20 ಲಕ್ಷಕ್ಕೂ ಮೇಲೆ. ಆಗ ಇಡೀ ದೇಶದ ಜನಸಂಖ್ಯೆಯೇ 42 ಲಕ್ಷದ ಆಸುಪಾಸು! ಕೂಸು, ಮುದುಕರನ್ನೂ ಸೇರಿಸಿಕೊಂಡು ಲೆಕ್ಕ ಹಾಕಿದರೂ ಇಬ್ಬರಿಗೊಂದು ಟಿಕೆಟ್ಟು. ವಿಮರ್ಶಕರು ಮೂಗು ಮುರಿದರು, ಇಂದಿಗೂ ಮುರೀತಾರೆ. ಡೆನ್ಮಾರ್ಕ್ ಸರ್ಕಾರ 2006ರಲ್ಲಿ ರಾಷ್ಟ್ರದ ಶ್ರೇಷ್ಠ ಕೃತಿಗಳ ಅಧಿಕೃತ ಪಟ್ಟಿ ಮಾಡಿದಾಗ ಸಿನೆಮಾ ವಿಭಾಗದಲ್ಲಿ ಡ್ರೇಯರ್ ಬಂದ, 'ಬಬೆಟ್ಸ್ ಫೀಸ್ಟ್' ಬಂತು, ಲಾರ್ಸ್ ಫಾನ್ ಟ್ರೀಯರ್ ಬಂದ. ನಾಲ್ಕು ಮಕ್ಕಳ ಅಪ್ಪ ಬರಲಿಲ್ಲ. ಆದರೆ ಜನರ ತಲೆಯೊಳಗಿನ 'ನಮ್ಮ ಡೆನ್ಮಾರ್ಕ್' ಅನ್ನೋ ಚಿತ್ರ ಬರೆದದ್ದು ಡ್ರೇಯರ್ ಅಲ್ಲ, ಈ ಅಪ್ಪನೇ. ಸಾಕ್ಷಿಯಾಗಿ ಇವನನ್ನು ಕರೆಯೋದರಲ್ಲಿ ತಪ್ಪಿಲ್ಲ. ಅವನು ಏನು ಹೇಳ್ತಾನೆ, ಏನು ಹೇಳಲ್ಲ ಅನ್ನೋದನ್ನು ಪೂರ್ತಿ ಕೇಳಬೇಕು ಅಷ್ಟೆ.

ಮೊದಲು ಕಾಲೇಜು ದಿನಗಳಿಂದಲೂ ಕೇಳಿಕೊಂಡು ಬಂದ ಉತ್ತರವನ್ನು ನೋಡಿಬಿಡೋಣ. "ಅಯ್ಯೋ, ಆಗ ಆ ದೇಶದಲ್ಲಿ ಬೇರೆಯವರು ಇದ್ದರೇನ್ರಿ ತೋರಿಸೋಕೆ?" ಇದರಲ್ಲಿ ಅರ್ಧ ನಿಜ ಇದೆ. ತುರ್ಕಿ, ಯುಗೋಸ್ಲಾವಿಯ, ಪಾಕಿಸ್ತಾನಗಳಿಂದ ಕೂಲಿಗೆ ಜನ ಬಂದಿದ್ದು ಅರವತ್ತರ ದಶಕದ ಕೊನೆಗೆ. 1953ರ ಡೇನಿಶ್ ಅಡುಗೆಮನೆಯಲ್ಲಿ ನನ್ನಂಥ ಬಸವನಗುಡಿ ಮೂತಿಯೊಂದನ್ನು ಕೂರಿಸಿ ಅಂತ ನಾನೇನೂ ಕೇಳ್ತಿಲ್ಲ. ಆದರೆ ಇನ್ನರ್ಧ ಶುದ್ಧ ಸುಳ್ಳು.

1945ರಲ್ಲಿ ಯುದ್ಧ ಮುಗಿದಾಗ ಆ ಪುಟ್ಟ ದೇಶದೊಳಗೆ ಸುಮಾರು ಎರಡೂವರೆ ಲಕ್ಷ ಜರ್ಮನ್ ನಿರಾಶ್ರಿತರಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಅವರನ್ನು ಮುಳ್ಳುತಂತಿಯ ಶಿಬಿರಗಳಲ್ಲಿ ಇಟ್ಟಿದ್ದರು. ಓಕ್ಸ್‌ಬೋಲ್ ಅನ್ನೋ ಒಂದು ಶಿಬಿರದಲ್ಲೇ 35 ಸಾವಿರದಷ್ಟು ಮಂದಿ. ಕೊನೆಯವರು ಹೊರಟದ್ದು 1949ರಲ್ಲಿ. ಅಂದರೆ ಹದಿನಾರೋ ಹದಿನೇಳೋ ತಲೆಗೆ ಒಬ್ಬ ಹೊರಗಿನವ. ದಕ್ಷಿಣ ಯುಟ್ಲೆಂಡಿನಲ್ಲಿ 1920ರ ಜನಮತಗಣನೆಯಿಂದ ಗಡಿ ಬದಲಾದ ಮೇಲೆ ಡೆನ್ಮಾರ್ಕಿನೊಳಗೇ ಉಳಿದ ಜರ್ಮನ್ ಭಾಷಿಕರಂತೂ ಇದ್ದೇ ಇದ್ದರು, ಈಗಲೂ ಇದ್ದಾರೆ. ಡೆನ್ಮಾರ್ಕಿನ ಯಹೂದಿಗಳು ಏಳು ಸಾವಿರಕ್ಕೂ ಹೆಚ್ಚು ಜನ 1943ರ ಅಕ್ಟೋಬರಿನಲ್ಲಿ ಮೀನುದೋಣಿಗಳಲ್ಲಿ ಸ್ವೀಡನ್ನಿಗೆ ಪಾರಾಗಿ ಯುದ್ಧ ಮುಗಿದ ಮೇಲೆ ವಾಪಸ್ ಬಂದಿದ್ದರು. ಡೇನರು ಇವತ್ತಿಗೂ ಹೆಮ್ಮೆಯಿಂದ ಹೇಳುವ ಕಥೆ ಇದು. ಆದರೆ ಅವರು ವಾಪಸ್ ಬಂದು ಪಕ್ಕದ ಮನೆಯಲ್ಲಿ ಬಾಳಿದ್ದು ನಾನು ನೋಡಿದ ಒಂದು ಕುಟುಂಬ ಕಾಮಿಡಿಯಲ್ಲೂ ಇಲ್ಲ.

ಈಗ ನನಗೆ ಅತೀ ಇಷ್ಟವಾದ ಸಾಕ್ಷಿ. ವಿಕ್ಟರ್ ಕೋರ್ನೆಲಿನ್ಸ್. ಈ ಹೆಸರು ನೆನಪಿಟ್ಟುಕೊಳ್ಳಿ.

ಕೆರಿಬಿಯನ್ನಿನ ಮೂರು ದ್ವೀಪಗಳು 1917ರ ತನಕ ಡೆನ್ಮಾರ್ಕಿನ ವಸಾಹತು. ಆಮೇಲೆ ಎರಡೂವರೆ ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿಬಿಟ್ಟರು, ಜನರ ಸಮೇತ. ಅದಕ್ಕೆ ಮುಂಚೆ, 1905ರಲ್ಲಿ, ಕೋಪನ್‌ಹೇಗನ್ನಿನ ತಿವೊಲಿ ಪಾರ್ಕಿನಲ್ಲಿ ವಸಾಹತು ಪ್ರದರ್ಶನ ಅಂತ ಒಂದು ನಡೆಯಿತು. ನಮ್ಮವರು ಕೋಪನ್‌ಹೇಗನ್ನಿಗೆ ಬಂದರೆ ತಪ್ಪದೇ ಫೋಟೊ ತೆಗೆಸಿಕೊಳ್ಳೋ ಅದೇ ತಿವೊಲಿ. ಪ್ರದರ್ಶನಕ್ಕೆ ಸೇಂಟ್ ಕ್ರೋಯಿ ದ್ವೀಪದಿಂದ ಇಬ್ಬರು ಕಪ್ಪು ಮಕ್ಕಳನ್ನು ತರಿಸಿದ್ದರು. ಏಳು ವರ್ಷದ ವಿಕ್ಟರ್, ನಾಲ್ಕು ವರ್ಷದ ಆಲ್ಬರ್ಟಾ. ವಿಕ್ಟರ್ ಒಂದು ಕಡೆ ನಿಲ್ಲುತ್ತಿರಲಿಲ್ಲ, ಮಕ್ಕಳು ನಿಲ್ತಾರಾ? ಅದಕ್ಕೆ ಇಬ್ಬರನ್ನೂ ಬೋನಿನಲ್ಲಿ ಹಾಕಿದರು. ಆಲ್ಬರ್ಟಾ ಚಿಕ್ಕ ವಯಸ್ಸಿಗೇ ಕ್ಷಯರೋಗದಿಂದ ಸತ್ತಳು. ವಿಕ್ಟರ್ ಬೆಳೆದು ನಾಕ್ಸ್‌ಕೋವ್ ಅನ್ನೋ ಊರಿನಲ್ಲಿ ಶಾಲಾ ಮೇಷ್ಟರಾದರು. ಸಂಗೀತ ಹೇಳಿಕೊಟ್ಟರು, ಹೆಂಡತಿ ಮಕ್ಕಳ ಜೊತೆ ಸಂಸಾರ ಮಾಡಿದರು, ದಶಕಗಟ್ಟಲೆ ಆ ಊರಿನ ಮಕ್ಕಳಿಗೆ ಪಾಠ ಮಾಡಿ 1985ರಲ್ಲಿ ತೀರಿಕೊಂಡರು.

ಅಂದರೆ 'ಫಾರ್ ಟಿಲ್ ಫೀರೆ' ತೆರೆಯ ಮೇಲೆ ಓಡ್ತಿದ್ದ ಅದೇ ವರ್ಷಗಳಲ್ಲಿ ಒಂದು ಡೇನಿಶ್ ಪಟ್ಟಣದಲ್ಲಿ ಕಪ್ಪು ಮೇಷ್ಟರೊಬ್ಬರು ಡೇನಿಶ್ ಮಾತಾಡುತ್ತಾ ಇದ್ದರು. ಕುಟುಂಬ ಕಾಮಿಡಿಗೆ ಇದಕ್ಕಿಂತ ರೆಡಿಮೇಡ್ ಪಾತ್ರ ಬೇಕಾ? ಸಂಗೀತದ ಮೇಷ್ಟರು! ಆ ಸಿನೆಮಾಗಳಲ್ಲಿ ಮಕ್ಕಳು, ಶಾಲೆ, ಹಾಡು ಎಲ್ಲವೂ ಬೇಕಾದಷ್ಟಿವೆ. ಮೇಷ್ಟರು ಮಾತ್ರ ಇಲ್ಲ. "ಬೇರೆಯವರು ಇರಲೇ ಇಲ್ಲ" ಅನ್ನೋರಿಗೆ ನಾನು ಇನ್ಮೇಲೆ ಬರೀ ಈ ಹೆಸರು ಹೇಳ್ತೀನಿ.

ಒಬ್ಬರ ಹೆಸರು ಹಿಡಿದುಕೊಂಡು ವಾದ ಮಾಡಬೇಡಪ್ಪಾ ಅಂತೀರಾ? ಸರಿ, ಗ್ರೀನ್‌ಲ್ಯಾಂಡಿಗೆ ಹೋಗೋಣ. ಅದು ವಸಾಹತು ಸ್ಥಾನ ಕಳೆದುಕೊಂಡು ಡೆನ್ಮಾರ್ಕಿನ ಸಮಾನ ಭಾಗ ಅಂತ ಕಾಗದದ ಮೇಲೆ ಆಗಿದ್ದು 1953ರ ಸಂವಿಧಾನದಿಂದ. ಮೊದಲ 'ಫಾರ್ ಟಿಲ್ ಫೀರೆ' ಬಂದ ವರ್ಷವೂ ಅದೇ. ಆ ವರ್ಷದಿಂದ ಗ್ರೀನ್‌ಲ್ಯಾಂಡಿನ ಇನ್ಯೂಟ್ ಮಗು ಕಾನೂನಿನ ಪ್ರಕಾರ ಪುಟ್ಟ ಪೇರ್‌ನಷ್ಟೇ ಡೇನ್.

ಅದಕ್ಕೆ ಎರಡು ವರ್ಷ ಮುಂಚೆ, 1951ರ ಬೇಸಿಗೆಯಲ್ಲಿ, 22 ಇನ್ಯೂಟ್ ಮಕ್ಕಳನ್ನು ಹಡಗು ಹತ್ತಿಸಿ ಡೆನ್ಮಾರ್ಕಿಗೆ ಕರೆತಂದಿದ್ದರು. ಐದರಿಂದ ಒಂಬತ್ತು ವರ್ಷದ ಕೂಸುಗಳು. ಉದ್ದೇಶ ಇವರನ್ನು 'ಪುಟ್ಟ ಡೇನರು' ಮಾಡಿ ವಾಪಸ್ ಕಳಿಸೋದು, ಮುಂದೆ ಗ್ರೀನ್‌ಲ್ಯಾಂಡನ್ನು ಆಧುನಿಕ ಮಾಡೋಕೆ ಇವರೇ ಮುಂದಾಳುಗಳಾಗೋದು. ಹೇಗೆ ಮಾಡೋದು? ಒಳ್ಳೆಯ ಡೇನಿಶ್ ಕುಟುಂಬಗಳಲ್ಲಿ ಇರಿಸೋದು. ಅದೇ ಊಟದ ಮೇಜು, ಅದೇ ಕಾಫಿ, ಅದೇ ಶಿಸ್ತು. ಒಂದು ವರ್ಷದ ಮೇಲೆ ಆರು ಮಕ್ಕಳನ್ನು ಡೆನ್ಮಾರ್ಕಿನಲ್ಲೇ ದತ್ತು ಕೊಟ್ಟುಬಿಟ್ಟರು. ಉಳಿದ 16 ಮಕ್ಕಳು ವಾಪಸ್ ಹೋದರೂ ಮನೆಗೆ ಹೋಗಲಿಲ್ಲ. ನೂಕ್ ಪಟ್ಟಣದ ಅನಾಥಾಲಯಕ್ಕೆ ಹಾಕಿದರು. ಅಷ್ಟು ಹೊತ್ತಿಗೆ ಅವರಿಗೆ ತಮ್ಮ ಭಾಷೆ ಮರೆತು, ಸ್ವಂತ ಅಮ್ಮನ ಜೊತೆ ಮಾತಾಡೋಕೆ ಆಗ್ತಿರಲಿಲ್ಲ. ಡೆನ್ಮಾರ್ಕಿನ ಪ್ರಧಾನಿ ಮೆಟ್ಟೆ ಫ್ರೆಡರಿಕ್ಸನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದ್ದು 2020ರ ಡಿಸೆಂಬರಿನಲ್ಲಿ. ಬದುಕಿ ಉಳಿದಿದ್ದವರು ಆಗ ಆರೇ ಮಂದಿ. ಪರಿಹಾರ ಸಿಕ್ಕಿದ್ದು 2022ರಲ್ಲಿ, ಮುಖತಃ ಕ್ಷಮೆ ಕೇಳಿದ್ದೂ ಅದೇ ವರ್ಷ.

ಇದನ್ನು ತಿಳಿದ ಮೇಲೆ ಆ ಎಂಟು ಸಿನೆಮಾಗಳಲ್ಲಿ ಮೂರನ್ನು ನಾನು ಮತ್ತೆ ಹಾಕಿಕೊಂಡು ನೋಡಿದೆ. ಅಪ್ಪ ಒಳ್ಳೆಯವನು, ಅಂಕಲ್ ತಮಾಷೆಯವನು, ಎಲ್ಲ ಹಾಗೇ ಇದೆ. ಆದರೆ ಆ ಮನೆ ಬರೀ ಮನೆಯಾಗಿ ಕಾಣಲಿಲ್ಲ, ಅಳತೆಗೋಲಾಗಿ ಕಾಣಿಸ್ತು. ಸಿನೆಮಾ ಮಾಡಿದವರು ಹಾಗಂದುಕೊಂಡು ಮಾಡಿದರು ಅಂತ ನಾನು ಹೇಳ್ತಿಲ್ಲ, ಅವರಿಗೆ ಬೇಕಿದ್ದದ್ದು ಗಲ್ಲಾಪೆಟ್ಟಿಗೆ. ಆದರೆ ಯಾವ ಮನೆಗೆ 22 ಮಕ್ಕಳನ್ನು ಎರಕ ಹೊಯ್ಯೋಕೆ ಕಳಿಸಿದ್ದರೋ ಆ ಥರದ ಮನೆಯನ್ನೇ ತೆರೆಯ ಮೇಲೆ ಎಂಟು ಸಲ ತೋರಿಸಿದರು, ಅಲ್ಲಿ ಎರಕಕ್ಕೆ ಬಂದ ಮಗು ಒಂದೂ ಇಲ್ಲ. ಇದ್ದಿದ್ದರೆ ಕಾಮಿಡಿ ಅಷ್ಟು ಸಲೀಸಾಗಿ ನಡೀತಿತ್ತಾ?

ಬಾಯಿ ಮುಚ್ಚಿಸೋಕೆ ಅಂತ ಇನ್ನೊಂದು ವಾದ ಇದೆ. "ಆ ಕಾಲದವರಿಗೆ ಇದೆಲ್ಲ ಹೊಳೀತಿರಲಿಲ್ಲ, ಇವತ್ತಿನ ಕನ್ನಡಕ ಹಾಕಿ ನೋಡಬಾರದು." ಇದಕ್ಕೆ ಉತ್ತರ ಕೊಡೋಕೆ ಇವತ್ತಿನ ಕನ್ನಡಕ ಬೇಕಾಗೇ ಇಲ್ಲ, 1959ರ ಕನ್ನಡಕ ಸಾಕು. 'ನಾಲ್ಕು ಮಕ್ಕಳ ಅಪ್ಪ ಬೋರ್ನ್‌ಹೋಮಿನಲ್ಲಿ' ಬಂದ ಅದೇ 1959ರಲ್ಲಿ ಆಸ್ಟ್ರಿಡ್ ಹೆನ್ನಿಂಗ್-ಯೆನ್ಸನ್ ಅನ್ನೋ ನಿರ್ದೇಶಕಿ 'ಪಾವ್' ಅಂತ ಒಂದು ಸಿನೆಮಾ ಮಾಡಿದರು. ಅಪ್ಪ ಡೇನ್, ಅಮ್ಮ ವೆಸ್ಟ್ ಇಂಡೀಸಿನವಳು. ಅಪ್ಪ ಸತ್ತ ಮೇಲೆ ಹುಡುಗನನ್ನು ಡೆನ್ಮಾರ್ಕಿನ ಹಳ್ಳಿಯಲ್ಲಿರೋ ಅತ್ತೆಯ ಮನೆಗೆ ತರ್ತಾರೆ. ಊರಿನವರಿಗೆ ಅವನ ಬಣ್ಣವೇ ಮೊದಲು ಕಾಣೋದು. ಅವನು ಕಾಡಿನ ಕಡೆ ವಾಲುತ್ತಾನೆ, ಕದ್ದು ಬೇಟೆಯಾಡೋ ಒಬ್ಬ ಮುದುಕನ ಜೊತೆ ಗೆಳೆತನ ಆಗುತ್ತೆ. ಆ ಸಿನೆಮಾ ಆಸ್ಕರ್‌ನ ಅತ್ಯುತ್ತಮ ವಿದೇಶಿ ಚಿತ್ರದ ಸ್ಪರ್ಧೆಯ ತನಕ ಹೋಯಿತು. ಅದಕ್ಕೆ ಆಧಾರವಾದ ತೊರ್ರಿ ಗ್ರೆಡ್‌ಸ್ಟೆಡ್‌ನ ಕಾದಂಬರಿ ಇನ್ನೂ ಹಳೆಯದು, 1918ರದ್ದು. ಕಾಡಿನ ಹುಡುಗ, ಪ್ರಕೃತಿಯ ಶಿಶು ಅನ್ನೋ ಹಳೇ ರಾಗ 'ಪಾವ್'ನಲ್ಲೂ ಇದೆ, ನನಗೆ ಅದು ಕಿರಿಕಿರಿಯೇ. ಆದರೆ ಹೊಳೆಯೋದು ಬಿಡೋದು ಅಂತೀರಲ್ಲ, ಹೊಳೆದಿತ್ತು! ಅದೇ ದೇಶ, ಅದೇ ವರ್ಷ, ಅದೇ ಪ್ರೇಕ್ಷಕರು.

ಈಗ ಬೇರೆ ದಿಕ್ಕಿಗೆ. 1959ರಲ್ಲೇ 'ಚಾರ್ಲ್ಸ್ ತಾಂಟೆ' ಬಂತು. ಇಂಗ್ಲಿಷಿನ ಹಳೇ ನಾಟಕ, ಚಾರ್ಲಿಯ ಚಿಕ್ಕಮ್ಮ. ಡಿರ್ಕ್ ಪಾಸರ್ ಅನ್ನೋ ನಟ ಹೆಂಗಸಿನ ವೇಷ ಹಾಕಿ ದೇಶವನ್ನೇ ನಗಿಸಿದ. (ಪಾಸರ್ ಅಂದರೆ ಡೇನರಿಗೆ ಪ್ರಾಣ. 1980ರಲ್ಲಿ ನಾಟಕದ ವೇಷದಲ್ಲೇ, ರಂಗಕ್ಕೆ ಹೋಗುವ ಹೊತ್ತಿಗೆ ಕುಸಿದು ಸತ್ತ.) ಗಂಡಸು ಸ್ಕರ್ಟ್ ಹಾಕಿದರೆ ನಗು, ಸರಿ. ಅದೇ ಹೊತ್ತಿಗೆ ಥಿಯೇಟರಿನ ಹೊರಗೆ ಏನಾಗ್ತಿತ್ತು? ಸಲಿಂಗಿಗಳ ಸಂಘಟನೆ ಡೆನ್ಮಾರ್ಕಿನಲ್ಲಿ 1948ರಲ್ಲೇ ಶುರುವಾಗಿತ್ತು, ಆಕ್ಸೆಲ್ ಅನ್ನೋರು ಕಟ್ಟಿದ್ದು. 1955ರಲ್ಲಿ ಪೊಲೀಸರು ಅಶ್ಲೀಲ ಚಿತ್ರದ ಕೇಸು ಅಂತ ಸಂಘಟನೆಯ ಸುತ್ತಮುತ್ತಲಿನವರನ್ನೆಲ್ಲ ಗುಡಿಸಿ ಹಾಕಿದರು, ಆಕ್ಸೆಲ್ ಮತ್ತು ಅವರ ಸಂಗಾತಿ ಐಗಿಲ್ ಜೈಲಿಗೆ ಹೋದರು. 1961ರಲ್ಲಿ ಒಂದು ಕಾನೂನು ಬಂತು. ಗಂಡಸರ ನಡುವಿನ ಸಂಬಂಧದಲ್ಲಿ ಇಪ್ಪತ್ತೊಂದರ ಒಳಗಿನವರಿಗೆ ದುಡ್ಡೋ ಉಡುಗೊರೆಯೋ ಕೊಟ್ಟಿದ್ದಾಯ್ತು ಅಂದರೆ ಅಪರಾಧ. ಒಂದು ಊಟ ಕೊಡಿಸಿದ್ದನ್ನೂ ಪೊಲೀಸರು ಹಾಗೆ ಓದಬಹುದು ಅನ್ನೋ ಭಯ. ಜನ ಅದಕ್ಕೆ ಇಟ್ಟ ಹೆಸರು 'ಕುರೂಪ ಕಾನೂನು'. 1965ರಲ್ಲಿ ರದ್ದಾಯ್ತು. ಆ ಆಕ್ಸೆಲ್ ಮತ್ತು ಐಗಿಲ್ 1989ರಲ್ಲಿ ಕಾನೂನುಬದ್ಧವಾಗಿ ಜೋಡಿಯಾದರು, ಜಗತ್ತಿನ ಮೊದಲ ನೋಂದಾಯಿತ ಸಲಿಂಗಿ ಜೋಡಿಗಳಲ್ಲಿ ಅವರದ್ದೂ ಒಂದು. ನಲವತ್ತು ವರ್ಷ ಕಾದಿದ್ದರು.

ಇಲ್ಲೂ ನಾನು ಡಿರ್ಕ್ ಪಾಸರ್‌ನನ್ನು ಬೈಯ್ಯೋಕೆ ಹೊರಟಿಲ್ಲ. ಆದರೆ ನೆಮ್ಮದಿಯ ಸಮಾಜ, ಎಲ್ಲರೂ ಒಂದೇ ಥರ ಅನ್ನೋರು ಈ ಲೆಕ್ಕವನ್ನೂ ಸೇರಿಸಿಕೊಳ್ಳಲಿ. ಯಾರು ಒಂದೇ ಥರ ಇರಲಿಲ್ಲವೋ ಅವರು ಜೈಲಿನಲ್ಲಿ, ಅನಾಥಾಲಯದಲ್ಲಿ, ಮುಳ್ಳುತಂತಿಯ ಆಚೆ ಇದ್ದರು. ಹೊರಗೆ ಹಾಕಿದ ಮೇಲೆ ಒಳಗಿರೋರ ಫೋಟೊ ತೆಗೆದು ನೋಡಿ ಎಷ್ಟು ಚೆಂದ ಒಂದೇ ಥರ ಇದ್ದೀವಿ ಅನ್ನೋದು ಯಾವ ಊರಿನ ನ್ಯಾಯ?

ಇಷ್ಟರ ತನಕ ಓದಿ ಇನ್ನೊಂದು ಗುಂಪಿನವರು ಖುಷಿಯಾಗಿರಬಹುದು. ಆಫೀಸಿನಲ್ಲಿ ಡೈವರ್ಸಿಟಿ ಟ್ರೈನಿಂಗ್ ಕೊಡೋರು. ಅವರ ಜೊತೆಗೂ ನನಗೆ ಜಗಳ ಇದೆ.

ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಇಂಥ ತರಬೇತಿಯ ದಿನ ಒಬ್ಬರು ಹಳೇ ಡೇನಿಶ್ ಸಿನೆಮಾದ ಪೋಸ್ಟರುಗಳನ್ನು ಪರದೆ ಮೇಲೆ ಹಾಕಿ ಮುಖ ಎಣಿಸಿದರು. ಇಷ್ಟು ಜನ ಬಿಳಿಯರು, ಉಳಿದವರು ಸೊನ್ನೆ. ಮುಂದಿನ ಸ್ಲೈಡ್. ಎಣಿಸೋದು ಅಷ್ಟು ಸುಲಭ! ಅದೇ ಕಂಪನಿಯ ವೆಬ್‌ಸೈಟಿನ ಮುಖಪುಟದ ಫೋಟೊದಲ್ಲಿ ನಾನಿದ್ದೆ, ಮುಂದಿನ ಸಾಲಿನಲ್ಲೇ, ಹಲ್ಲು ಕಿರಿದುಕೊಂಡು. ನಾನೇ ಬರೆದ ಕೋಡಿನ ಬಗ್ಗೆ ತೀರ್ಮಾನ ತಗೊಳ್ಳೋ ಮೀಟಿಂಗು ಮಾತ್ರ ಐದನೇ ನಿಮಿಷಕ್ಕೆ ಡೇನಿಶ್‌ಗೆ ತಿರುಗುತ್ತಿತ್ತು. ಎಣಿಸೋರ ಲೆಕ್ಕದಲ್ಲಿ ನಾನು 'ಒಂದು', ಅಲ್ಲಿಗೆ ಮುಗೀತು.

ಮುಖ ಎಣಿಸೋರಿಗೆ 'ಫಾರ್ ಟಿಲ್ ಫೀರೆ'ಯಲ್ಲಿ ಕಾಣದೇ ಹೋಗೋದು ಸ್ಯೂಸ್. ಯೋಚನೆ ಮಾಡಿ, ಸಿನೆಮಾದ ಹೆಸರು 'ನಾಲ್ಕು ಮಕ್ಕಳ ಅಪ್ಪ'. ಅಮ್ಮ ಇಲ್ಲ. ಹಾಗಾದರೆ ಆ ಮನೆಯಲ್ಲಿ ಅಡುಗೆ ಯಾರು ಮಾಡ್ತಾರೆ? ದೊಡ್ಡ ಮಗಳು ಸ್ಯೂಸ್. ಬಟ್ಟೆ, ಪಾತ್ರೆ, ತಮ್ಮಂದಿರ ಸ್ನಾನ, ತಂಗಿಯ ಪಾಠ, ಅಂಕಲ್‌ಗೆ ಕಾಫಿ ಎಲ್ಲ ಅವಳ ಮೇಲೆ. ಅವಳಿಗೊಬ್ಬ ಪ್ರಿಯಕರ ಇದ್ದಾನೆ, ಅವನು ಕಾಯ್ತಾ ಇರಬೇಕು. ಅಪ್ಪ ಆಫೀಸಿಗೆ ಹೋಗಿ ಬಂದು ದುಡ್ಡಿನ ಚಿಂತೆ ಮಾಡಿ ನಮ್ಮ ಮರುಕ ಗಿಟ್ಟಿಸ್ತಾನೆ. ಎಂಟು ಸಿನೆಮಾ ಓಡಿದ್ದು ಆ ಹುಡುಗಿ ಏಪ್ರನ್ ಬಿಚ್ಚದೇ ಇದ್ದದ್ದರಿಂದ. ಇಪ್ಪತ್ತರ ಆಸುಪಾಸಿನ ಹುಡುಗಿ ಹೊರಗೆ ಹೋಗಿ ಓದ್ತೀನಿ, ದುಡೀತೀನಿ ಅಂದಿದ್ದರೆ ಮೊದಲನೆಯದರಲ್ಲೇ ಮನೆ ನಿಂತುಹೋಗ್ತಿತ್ತು. ಎಣಿಕೆ ಪ್ರಕಾರ ಮಾತ್ರ ಈ ಮನೆ ಸೂಪರ್. ಮಕ್ಕಳಲ್ಲಿ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು, ಐವತ್ತು-ಐವತ್ತು!

ನನ್ನ ಅಕ್ಕಂದಿರನ್ನು ನೋಡಿ ಬೆಳೆದ ನನಗೆ ಸ್ಯೂಸ್ ಕಾಣಿಸದೇ ಇರೋಕೆ ಸಾಧ್ಯವೇ ಇರಲಿಲ್ಲ. ಆದರೆ ಆ ಟ್ರೈನಿಂಗಿನಲ್ಲಿ ಅವಳ ಹೆಸರು ಒಮ್ಮೆಯೂ ಬರಲಿಲ್ಲ.

ಇನ್ನೂ ತಮಾಷೆ ಕೇಳಿ. ಈ ಸರಣಿಯ ನಿರ್ದೇಶಕಿ ಒಬ್ಬ ಹೆಂಗಸು. ಅಲಿಸ್ ಓಫ್ರೆಡೆರಿಕ್ಸ್. ಕೆಂಪು ಕುದುರೆಗಳ ಇಬ್ಬರು ನಿರ್ದೇಶಕರಲ್ಲಿ ಒಬ್ಬರೂ ಅವರೇ. ಎಪ್ಪತ್ತರಷ್ಟು ಸಿನೆಮಾಗಳ ಹಿಂದೆ ಅವರ ಹೆಸರಿದೆ. ಹುಟ್ಟಿದ್ದು 1899ರಲ್ಲಿ, ಎಲ್ಲಿ ಗೊತ್ತಾ? ಸ್ವೀಡನ್ನಿನ ಯೊತೆಬೊರಿಯಲ್ಲಿ! ಅಪ್ಪಟ ಡೇನಿಶ್ ಕುಟುಂಬದ ಚಿತ್ರ ಬರೆದವರು ಹುಟ್ಟಿದ್ದು ಪರದೇಶದಲ್ಲಿ. 'ಪಾವ್' ಮಾಡಿದ್ದು ಹೆಂಗಸು ಅಂತ ಆಗಲೇ ಹೇಳಿದೆ. ಡೆನ್ಮಾರ್ಕಿನ ಮೊದಲ ಮಹಿಳಾ ಛಾಯಾಗ್ರಾಹಕಿ ಅನ್ನೆಲಿಸೆ ರೀನ್‌ಬೆರ್ ಕ್ಯಾಮೆರಾ ಬಿಟ್ಟು ನಿರ್ದೇಶನಕ್ಕಿಳಿದು 1960ರಲ್ಲಿ 'ಪೆಟ್ರೋಲ್ ಬಂಕಿನ ಬ್ಯಾರನೆಸ್', 1966ರಲ್ಲಿ 'ನನ್ನ ತಂಗಿಯ ಮಕ್ಕಳು' ಅಂತ ದೊಡ್ಡ ದೊಡ್ಡ ಹಿಟ್ ಕೊಟ್ಟರು. ಐವತ್ತರ ದಶಕದಲ್ಲಿ ಜನ ಮುಗಿಬಿದ್ದು ನೋಡ್ತಿದ್ದ ಸಿನೆಮಾಗಳ ಚುಕ್ಕಾಣಿ ಹೆಂಗಸರ ಕೈಯಲ್ಲಿ ಹೀಗಿದ್ದ ದೇಶಗಳು ಎಷ್ಟಿದ್ದವು, ನೀವೇ ಹೇಳಿ.

ಅಲಿಸ್‌ಗೆ ಬೇರೆ ಥರ ಮಾಡೋಕೆ ಬರ್ತಿರಲಿಲ್ಲ ಅಂತಲೂ ಅಲ್ಲ. 1949ರಲ್ಲಿ ಲಾವ್ ಲಾವ್ರಿಟ್‌ಸನ್ ಜೊತೆ ಸೇರಿ 'ನಮಗೊಂದು ಮಗು ಬೇಕು' ಅನ್ನೋ ಚಿತ್ರ ಮಾಡಿದಾಗ ಗರ್ಭಪಾತದಂಥ ವಿಷಯ ಮುಟ್ಟಿದ್ದರು, ಹೆರಿಗೆಯನ್ನೇ ತೆರೆಗೆ ತಂದಿದ್ದರು. ಅದೇ ಕೈ ನಾಲ್ಕು ವರ್ಷದ ನಂತರ ಸ್ಯೂಸ್‌ಗೆ ಏಪ್ರನ್ ಕಟ್ಟಿ ಬಿಚ್ಚಲೇ ಇಲ್ಲ. ಕ್ಯಾಮೆರಾ ಹಿಂದೆ ಹೆಂಗಸು ಇದ್ದರೆ ಕ್ಯಾಮೆರಾ ಮುಂದಿನ ಹೆಂಗಸಿಗೆ ಬಿಡುಗಡೆ ಅನ್ನೋ ಸೂತ್ರ ಇಲ್ಲಿ ಕೆಲಸ ಮಾಡಲ್ಲ. ಟಿಕೆಟ್ ದುಡ್ಡಿನ ಮೇಲೆ ನಿಂತ ಸ್ಟುಡಿಯೋ ತನ್ನ ಪ್ರೇಕ್ಷಕರಿಗೆ ಬೇಸರವಾಗದ ಮನೆಯನ್ನು ಕಟ್ಟಿತು. ಅಲಿಸ್ ಆ ಮನೆಯ ಅತ್ಯುತ್ತಮ ಮೇಸ್ತ್ರಿ. ಈಗಿನವರು ಅವರನ್ನು ಸ್ತ್ರೀಶಕ್ತಿಯ ಬ್ಯಾನರಿನ ಮೇಲೆ ಅಂಟಿಸಿ ಕೈ ತೊಳೆದುಕೊಂಡರೆ, ಅವರು ಮಾಡಿದ ಒಳ್ಳೆಯ ಕೆಲಸಕ್ಕೂ ಅವಮಾನ, ಸ್ಯೂಸ್‌ಗೂ ಅನ್ಯಾಯ.

ಒಂದು ಸಿನೆಮಾ ಸರಣಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳ್ತೀರಿ. ನನ್ನ ಅಪಾರ್ಟ್‌ಮೆಂಟಿನ ಲೆಕ್ಕ ಹಿಡಿದುಕೊಂಡು ಹೇಳ್ತೀನಿ. 2018ರಲ್ಲಿ ಡೆನ್ಮಾರ್ಕ್ ಒಂದು ಕಾನೂನು ಗುಚ್ಛ ತಂದಿತು. ಸರ್ಕಾರಿ ನೆರವಿನ ವಸತಿ ಬಡಾವಣೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ 'ಪಾಶ್ಚಾತ್ಯರಲ್ಲದ' ಮೂಲದವರಿದ್ದು, ಜೊತೆಗೆ ಆದಾಯ, ಓದು, ಉದ್ಯೋಗ, ಅಪರಾಧದ ಅಳತೆಗಳಲ್ಲಿ ಕೆಲವು ಮೀರಿದರೆ ಅದಕ್ಕೆ 'ಘೆಟ್ಟೊ' ಅಂತ ಅಧಿಕೃತ ಹೆಸರು. ಆ ಹೆಸರನ್ನು 2021ರಲ್ಲಿ ಬದಲಾಯಿಸಿದರು, ಅಳತೆಗೋಲು ಹಾಗೇ ಉಳಿಯಿತು. ಅವರ ಪಟ್ಟಿ ಪ್ರಕಾರ ಭಾರತ 'ಪಾಶ್ಚಾತ್ಯರಲ್ಲದ' ದೇಶ. ಅಂದರೆ ಆ ಎಣಿಕೆಯಲ್ಲಿ ನಾನೂ ಒಂದು ಅಂಕಿ. ಅಂಥ ಬಡಾವಣೆಯಲ್ಲಿ ಹುಟ್ಟಿದ ಮಗು ಒಂದು ವರ್ಷ ತುಂಬಿದ ಮೇಲೆ ವಾರಕ್ಕೆ 25 ಗಂಟೆ ಶಿಶುವಿಹಾರದಲ್ಲಿ ಕಡ್ಡಾಯವಾಗಿ ಇರಬೇಕು, ಡೇನಿಶ್ ಭಾಷೆ, ಡೇನಿಶ್ ಹಬ್ಬ, ಡೇನಿಶ್ ಮೌಲ್ಯ ಕಲೀಬೇಕು. ಇಲ್ಲದಿದ್ದರೆ ಅಪ್ಪ ಅಮ್ಮನಿಗೆ ಸಿಗೋ ಮಕ್ಕಳ ಭತ್ಯೆ ನಿಲ್ಲಬಹುದು. 1951ರ ಹಡಗಿಗೂ 2018ರ ಶಿಶುವಿಹಾರಕ್ಕೂ ಬಹಳ ವ್ಯತ್ಯಾಸ ಇದೆ, ಸಂಜೆ ಮಗು ಮನೆಗೆ ಬರುತ್ತೆ. ಆದರೆ ಸರಿಯಾದ ಮನೆ ಅಂದರೆ ಯಾವುದು ಅನ್ನೋ ಕಲ್ಪನೆ ಎಲ್ಲಿಂದ ಬಂತು? ಕ್ಯಾಂಟೀನಿನ ನನ್ನ ಗೆಳೆಯನನ್ನು ಕೇಳಿದರೆ ಅವನೇ ಹೇಳ್ತಾನೆ, ಸಿನೆಮಾದ ಹೆಸರಿನ ಸಮೇತ.

ಬೆಂಗಳೂರಿನ ಮಿತ್ರರಿಗೆ ಒಂದು ಮಾತು. ಕನ್ನಡಕ್ಕೆ ಬೆಂಗಳೂರಿನಲ್ಲಿ ಆಗ್ತಿರೋ ಅವಮಾನದ ಬಗ್ಗೆ ನಿಮಗೆ ಸಿಟ್ಟಿದೆ, ನನಗೂ ಇದೆ. ಅದಕ್ಕೆ ಬೇಕಾದಷ್ಟು ಗಟ್ಟಿ ವಾದ ನಮ್ಮ ಹತ್ತಿರವೇ ಇದೆ. ಡೆನ್ಮಾರ್ಕಿನಿಂದ ಸುಳ್ಳು ಫೋಟೊ ಎರವಲು ತರಬೇಡಿ. ತಂದರೆ ಅದರ ಜೊತೆ ಬೋನಿನೊಳಗಿನ ವಿಕ್ಟರ್, ಅಮ್ಮನ ಭಾಷೆ ಮರೆತ ಆ 16 ಮಕ್ಕಳೂ ಬರ್ತಾರೆ. ಅಮ್ಮನ ಭಾಷೆ ಮರೆಸಿದ ಕಥೆಯನ್ನು ಕನ್ನಡದ ಪರ ವಾದಕ್ಕೆ ಬಳಸೋದು ನಿಮಗೆ ಸರಿ ಅನ್ನಿಸುತ್ತಾ?

ಮುಂದಿನ ವಾರಾಂತ್ಯ ಬಿಡುವಿದ್ದರೆ 1959ರ ಎರಡೂ ಸಿನೆಮಾ ನೋಡಿ, ಬೋರ್ನ್‌ಹೋಮಿಗೆ ಹೋದ ಅಪ್ಪ ಮತ್ತು 'ಪಾವ್'. ಒಂದಾದ ಮೇಲೆ ಒಂದು, ಅದೇ ಕ್ರಮದಲ್ಲಿ. ಸಬ್‌ಟೈಟಲ್ ಸಿಗದಿದ್ದರೂ ಪರವಾಗಿಲ್ಲ, ಯಾರು ಅಡುಗೆಮನೆಯಲ್ಲಿದ್ದಾರೆ, ಯಾರು ಕಾಡಿನಲ್ಲಿದ್ದಾರೆ ಅನ್ನೋದು ತಿಳಿಯೋಕೆ ಡೇನಿಶ್ ಬೇಕಿಲ್ಲ. ಆಮೇಲೆ ಬಂದು ಬೈಯ್ಯೋದಿದ್ದರೆ ಬೈಯಿರಿ, ಕಮೆಂಟ್ ಪೆಟ್ಟಿಗೆ ತೆರೆದೇ ಇಟ್ಟಿರ್ತೀನಿ.